ಚಿನ್ನಿದಾಂಡಿಗೆ ಬೇಸ್‌ಬಾಲ್ ಏನಾಗಬೇಕು?

ಬೇಸಿಗೆ ರಜೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹುಡುಗರು ಹಿಂದೆ ಮೊದಲು ಹುಡುಕುತ್ತಿದ್ದುದು ಒಂದು ಕುಡುಗೋಲು, ಒಂದು ಜಾಲಿಯ ಅಥವಾ ಬೇವಿನ ಟೊಂಗೆ. ಮೊಳಕ್ಕಿಂತ ತುಸು ಉದ್ದದ ತುಂಡು ದಾಂಡು. ಗೇಣಿಗಿಂತ ಚಿಕ್ಕದಾದ, ಎರಡೂ ತುದಿ ಚೂಪು ಮಾಡಿದ ತುಂಡು ಚಿನ್ನಿ. ನೆಲದಲ್ಲಿ ಒಂದು ಪುಟ್ಟ ಕುಳಿ ತೋಡಿದರೆ ಆಟಕ್ಕೆ ಎಲ್ಲವೂ ಸಿದ್ಧ. ದುಡ್ಡು ಕೊಟ್ಟು ತರುವ ಸಾಮಾನು ಯಾವುದೂ ಇಲ್ಲ. ಚಿನ್ನಿದಾಂಡು, ಚಿಣಿಪಣಿ, ಗಿಲ್ಲಿದಾಂಡು ಎಂದು ಹೆಸರು ಮಾತ್ರ ಊರಿಂದ ಊರಿಗೆ ಬೇರೆ.

ಆಟದ ನಿಯಮಗಳೂ ಸರಳ. ಕುಳಿಯ ಮೇಲೆ ಅಡ್ಡಲಾಗಿಟ್ಟ ಚಿನ್ನಿಯನ್ನು ದಾಂಡಿನಿಂದ ಮೀಟಿ ಹಾರಿಸಬೇಕು. ಎದುರು ನಿಂತವರು ಅದನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಆಟಗಾರ ಔಟು. ಹಿಡಿಯಲಾಗದಿದ್ದರೆ ಬಿದ್ದಲ್ಲಿಂದ ಎತ್ತಿ, ಕುಳಿಯ ಮೇಲಿಟ್ಟ ದಾಂಡಿಗೆ ಗುರಿಯಿಟ್ಟು ಎಸೆಯುತ್ತಾರೆ. ತಾಗಿದರೂ ಔಟು. ಗುರಿ ತಪ್ಪಿದರೆ ಆಟಗಾರನಿಗೆ ಹಬ್ಬ. ಚಿನ್ನಿಯ ಚೂಪು ತುದಿಗೆ ತಟ್ಟಿ, ಅದು ಪುಟಿದಾಗ ಗಾಳಿಯಲ್ಲೇ ಬೀಸಿ ಹೊಡೆಯುತ್ತಾನೆ. ಅದಕ್ಕೆ ಮೂರು ಅವಕಾಶ. ಚಿನ್ನಿ ಬಿದ್ದ ಜಾಗದವರೆಗೆ ದಾಂಡಿನಿಂದಲೇ ಅಳೆದು ಎಣಿಸಿದರೆ ಲೆಕ್ಕ ಮುಗಿಯಿತು.

ಈಗ ಅಮೆರಿಕದ ಬೇಸ್‌ಬಾಲ್ ಆಟವನ್ನು ನೋಡೋಣ. ತಂಡಕ್ಕೆ 9 ಜನ. ಒಬ್ಬ ಚೆಂಡು ಎಸೆಯುತ್ತಾನೆ, ಎದುರಾಳಿ ತಂಡದವನು ಉರುಟಾದ ದಾಂಡಿನಿಂದ ಹೊಡೆಯುತ್ತಾನೆ. ಮೂರು ಬಾರಿ ತಪ್ಪಿದರೆ ಔಟು. ನೆಲಕ್ಕೆ ಬೀಳುವ ಮೊದಲು ಯಾರಾದರೂ ಹಿಡಿದರೂ ಔಟು. ಹೊಡೆದವನು ವಜ್ರಾಕೃತಿಯಲ್ಲಿರುವ ನಾಲ್ಕು ನೆಲೆಗಳನ್ನು ಸುತ್ತಿ, ಹೊರಟ ಜಾಗಕ್ಕೆ ಮರಳಿದರೆ ಒಂದು ಓಟ. ಸುತ್ತಿ ಬರುವ ಓಟವೊಂದನ್ನು ಬಿಟ್ಟರೆ ಉಳಿದುದೆಲ್ಲ ಓಣಿಯ ಹುಡುಗರಿಗೆ ಗೊತ್ತಿರುವುದೇ. ಹಾಗಾದರೆ ಈ ಎರಡು ಆಟಗಳು ಬಂಧುಗಳೇ?

ಐದು ವರ್ಷದ ಹುಡುಗನ ನೆನಪು

ಈ ಪ್ರಶ್ನೆಗೆ ಉತ್ತರ ಹುಡುಕಲು ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ ಎರಡೂ ತುದಿ ಚೂಪಾದ ಮರದ ತುಂಡನ್ನು ಕೋಲಿನಿಂದ ತಟ್ಟಿ ಹಾರಿಸುವ 'ಟಿಪ್‌ಕ್ಯಾಟ್' ಎಂಬ ಆಟವಿತ್ತು. ಚಿನ್ನಿಗೆ ಅವರು ಬೆಕ್ಕು ಎಂದು ಹೆಸರಿಟ್ಟಿದ್ದರು. ಧರ್ಮಬೋಧಕ ಜಾನ್ ಬನಿಯನ್ 1666ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥನದಲ್ಲಿ ಈ ಆಟದ ಪ್ರಸಂಗವನ್ನು ಹೇಳಿಕೊಂಡಿದ್ದಾನೆ. ಒಂದು ಭಾನುವಾರ, ಕುಳಿಯಿಂದ ಒಂದು ಹೊಡೆತ ಹೊಡೆದು ಇನ್ನೊಂದಕ್ಕೆ ಕೈಯೆತ್ತುವಾಗ, ಪಾಪ ಬಿಡುತ್ತೀಯೋ ಇಲ್ಲವೋ ಎಂದು ಆಕಾಶದಿಂದ ಕೇಳಿದಂತಾಯಿತಂತೆ.

ಇಂಗ್ಲೆಂಡಿನಿಂದ ವಲಸೆ ಹೋದವರ ಮಕ್ಕಳು ಅಮೆರಿಕದಲ್ಲಿ ಮರದ ತುಂಡಿಗೆ ಬದಲು ಚೆಂಡು ಬಳಸಿ ಆಡುತ್ತಿದ್ದ ಆಟಕ್ಕೆ 'ಓಲ್ಡ್ ಕ್ಯಾಟ್' ಎಂಬ ಹೆಸರಿತ್ತು. ಬೇಸ್‌ಬಾಲ್ ಹುಟ್ಟಿದ್ದು ಇದರಿಂದಲೇ ಎಂದು ವಾದಿಸಿದವನು ಖ್ಯಾತ ಆಟಗಾರನೂ ಕ್ರೀಡಾ ಸಾಮಗ್ರಿಗಳ ವ್ಯಾಪಾರಿಯೂ ಆಗಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್. ಅಲ್ಲ, ಅದು ಇಂಗ್ಲೆಂಡಿನ 'ರೌಂಡರ್ಸ್' ಆಟದ ಕೂಸು ಎಂದವನು ಕ್ರೀಡಾ ಪತ್ರಕರ್ತ ಹೆನ್ರಿ ಚಾಡ್ವಿಕ್. ಜಗಳ ಬಗೆಹರಿಸಲು 1905ರಲ್ಲಿ ಒಂದು ಸಮಿತಿ ನೇಮಕವಾಯಿತು.

ಆಗ ಸಮಿತಿಯ ಕೈಸೇರಿತು ಒಂದು ಪತ್ರ. ಬರೆದವನು ಆಬ್ನರ್ ಗ್ರೇವ್ಸ್ ಎಂಬ ವೃದ್ಧ ಗಣಿ ಎಂಜಿನಿಯರ್. ತಾನು ಬಾಲಕನಾಗಿದ್ದಾಗ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಈ ಆಟವನ್ನು ರೂಪಿಸಿದ ಎಂದು ಆತ ನೆನಪಿಸಿಕೊಂಡಿದ್ದ. ಸಮಿತಿ ಅದನ್ನೇ ನಂಬಿ, 1839ರಲ್ಲಿ ಆಟ ಹುಟ್ಟಿತೆಂದು ತೀರ್ಪು ಕೊಟ್ಟಿತು. ಆದರೆ 1839ರಲ್ಲಿ ಗ್ರೇವ್ಸ್‌ಗೆ 5 ವರ್ಷ. ಡಬಲ್‌ಡೇ ಆಗ ಸೈನಿಕ ಶಾಲೆಯ ವಿದ್ಯಾರ್ಥಿ. ಅದಕ್ಕೂ ಬಹಳ ಮೊದಲು, 1744ರಲ್ಲಿ, ಲಂಡನ್ನಿನ ಜಾನ್ ನ್ಯೂಬೆರಿ ಪ್ರಕಟಿಸಿದ ಮಕ್ಕಳ ಪುಸ್ತಕವೊಂದರಲ್ಲಿ ಬೇಸ್‌ಬಾಲ್ ಎಂಬ ಹೆಸರು ಅಚ್ಚಾಗಿತ್ತು. ಡಬಲ್‌ಡೇ ಕಥೆಯನ್ನು ಇಂದು ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ಆ ಕಥೆಯನ್ನು ನಂಬಿಯೇ 1939ರಲ್ಲಿ ಕೂಪರ್ಸ್‌ಟೌನಿನಲ್ಲಿ ಬೇಸ್‌ಬಾಲ್ ವಸ್ತುಸಂಗ್ರಹಾಲಯ ತೆರೆಯಿತು. ಒಬ್ಬ ಮುದುಕನ ಬಾಲ್ಯದ ನೆನಪು, ಅದೂ ತಪ್ಪು ನೆನಪು, ಒಂದು ದೇಶದ ಆಟಕ್ಕೆ ತೀರ್ಥಕ್ಷೇತ್ರವನ್ನೇ ಕಟ್ಟಿಕೊಟ್ಟಿತು.

ಇಲ್ಲಿಗೆ ಯಾಕೆ ಬರಲಿಲ್ಲ?

ಚಿನ್ನಿದಾಂಡು ಬಲ್ಲ ನಾಡಿಗೆ ಬೇಸ್‌ಬಾಲ್ ಯಾಕೆ ಹತ್ತಲಿಲ್ಲ ಎಂಬ ಪ್ರಶ್ನೆಗೂ ಇತಿಹಾಸದಲ್ಲೇ ಉತ್ತರವಿದೆ. ಇಂಗ್ಲಿಷ್ ನಾವಿಕರು 1721ರಲ್ಲೇ ಗುಜರಾತಿನ ಖಂಭಾತ್ ತೀರದಲ್ಲಿ ಕ್ರಿಕೆಟ್ ಆಡಿದ್ದರು. 1848ರಲ್ಲಿ ಮುಂಬಯಿಯ ಪಾರ್ಸಿಗಳು ತಮ್ಮದೇ ಕ್ರಿಕೆಟ್ ಕ್ಲಬ್ ಕಟ್ಟಿಕೊಂಡರು. ಸ್ಪಾಲ್ಡಿಂಗ್ 1888-89ರಲ್ಲಿ ಬೇಸ್‌ಬಾಲ್ ತಂಡಗಳನ್ನು ಕರೆದುಕೊಂಡು ಲೋಕಸಂಚಾರ ಹೊರಟಾಗ, ಆಸ್ಟ್ರೇಲಿಯಾದಿಂದ ಕೊಲಂಬೊಗೆ ಬಂದು ಆಡಿದ. ಅಲ್ಲಿಂದ ನೇರ ಈಜಿಪ್ಟಿಗೆ ಹೋಗಿ ಪಿರಮಿಡ್ಡುಗಳ ಬಳಿ ಆಡಿಸಿದ. ಭಾರತಕ್ಕೆ ಮಾತ್ರ ಕಾಲಿಡಲಿಲ್ಲ. ಅಷ್ಟರಲ್ಲಿ ಇಲ್ಲಿನ ದೊಡ್ಡ ಪಟ್ಟಣಗಳ ಮೈದಾನಗಳೆಲ್ಲ ಕ್ರಿಕೆಟ್ಟಿಗೆ ಸಂದಿದ್ದವು.

ಯಾದಗಿರಿ ಆಗ ಹೈದರಾಬಾದ್ ನಿಜಾಮನ ಆಡಳಿತದಲ್ಲಿದ್ದ ಊರು. ಮುಂಬಯಿ–ಮದರಾಸು ರೈಲುಮಾರ್ಗ 1871ರಲ್ಲಿ ಕೂಡಿಕೊಂಡ ಮೇಲೆ ಎರಡು ಕ್ರಿಕೆಟ್ ನಗರಗಳ ನಡುವಿನ ದಾರಿಯಲ್ಲೇ ಇತ್ತು. ಹೈದರಾಬಾದ್ ತಂಡ 1937-38ರಲ್ಲಿ ರಣಜಿ ಟ್ರೋಫಿ ಗೆದ್ದಾಗ ಯಾದಗಿರಿ, ಶಹಾಪುರ, ಸುರಪುರಗಳ ಮಟ್ಟಿಗೆ ಅದೇ ತಮ್ಮ ರಾಜ್ಯದ ತಂಡ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. 1973-74ರಲ್ಲಿ, 15 ವರ್ಷಗಳಿಂದ ಸತತವಾಗಿ ಗೆಲ್ಲುತ್ತಿದ್ದ ಮುಂಬಯಿಯನ್ನು ಸೆಮಿಫೈನಲ್ಲಿನಲ್ಲಿ ಹಿಂದಿಕ್ಕಿ, ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಎತ್ತಿದಾಗ, 'ನಮ್ಮ ತಂಡ' ಎಂಬುದರ ಅರ್ಥವೇ ಬೇರೆಯಾಗಿತ್ತು. ಊರು ಇದ್ದಲ್ಲೇ ಇತ್ತು, ತಂಡ ಬದಲಾಯಿತು.

ಇದಕ್ಕೆ ತದ್ವಿರುದ್ಧವಾದುದು ನ್ಯೂಯಾರ್ಕಿನ ಬ್ರೂಕ್ಲಿನ್ ಕಥೆ. ಅಲ್ಲಿನ 'ಡಾಡ್ಜರ್ಸ್' ಬೇಸ್‌ಬಾಲ್ ತಂಡ 1957ರ ಪಂದ್ಯಾವಳಿ ಮುಗಿದೊಡನೆ ಗಂಟುಮೂಟೆ ಕಟ್ಟಿ ದೇಶದ ಇನ್ನೊಂದು ತುದಿಯ ಲಾಸ್ ಏಂಜಲಿಸ್‌ಗೆ ಹೊರಟುಹೋಯಿತು. ಅಭಿಮಾನಿಗಳು ಇದ್ದಲ್ಲೇ ಉಳಿದರು.

ಬಾಲ್ಯದಲ್ಲಿ ಹಿಡಿದರೆ ಬಿಡದು

ಹಾಗೆ ಉಳಿದವರಲ್ಲಿ ಒಬ್ಬಳು ಡೋರಿಸ್ ಕರ್ನ್ಸ್ ಎಂಬ ಹುಡುಗಿ. ಅವಳಿಗೆ 6 ವರ್ಷವಿದ್ದಾಗ ತಂದೆ ಒಂದು ಸ್ಕೋರ್ ಪುಸ್ತಕ ಕೊಟ್ಟು, ಲೆಕ್ಕ ಬರೆಯುವುದನ್ನು ಕಲಿಸಿದ್ದರು. ಹಗಲು ರೇಡಿಯೊದಲ್ಲಿ ಪಂದ್ಯ ಕೇಳಿ ಬರೆದಿಟ್ಟುಕೊಳ್ಳುವುದು, ಸಂಜೆ ಕೆಲಸದಿಂದ ಬಂದ ತಂದೆಗೆ ಆಟವನ್ನೆಲ್ಲ ಬಿಡಿಸಿ ಹೇಳುವುದು ಅವಳ ದಿನಚರಿ. ತಂಡ ಊರು ಬಿಟ್ಟಾಗ ಮನಸ್ಸು ಮುರಿದ ಅವಳು ಮುಂದೆ ಬೋಸ್ಟನ್ನಿನ ತಂಡವನ್ನು ತನ್ನದಾಗಿಸಿಕೊಂಡಳು. ಅಮೆರಿಕದ ಅಧ್ಯಕ್ಷರ ಚರಿತ್ರೆ ಬರೆದು ಹೆಸರಾದ ಡೋರಿಸ್ ಕರ್ನ್ಸ್ ಗುಡ್ವಿನ್ ಅವರೇ ಈಕೆ. ಕಥೆಯನ್ನು ಕ್ರಮವಾಗಿ ಹೇಳುವ ವಿದ್ಯೆ ತಮಗೆ ಬಂದದ್ದು ಆ ಸಂಜೆಗಳಿಂದ ಎಂದು ಅವರು ಹೇಳಿಕೊಂಡಿದ್ದಾರೆ. ಬಾಲ್ಯದ ಆ ಪ್ರೀತಿಯನ್ನು ಕುರಿತ ಅವರ ಪುಸ್ತಕ ಹೊರಬಂದದ್ದು 1997ರಲ್ಲಿ.

ಕರ್ನಾಟಕದಲ್ಲಿ ಇಂಥ ಪ್ರೀತಿಗೆ ಉದಾಹರಣೆ ಬೇಕಾದರೆ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಇದ್ದಾರೆ. ಎಳವೆಯಲ್ಲೇ ಪೋಲಿಯೊ ತಗುಲಿ ಬಲಗೈ ಸೊರಗಿತು. ಬೆಂಗಳೂರಿನ ಬೀದಿಗಳಲ್ಲಿ ರಬ್ಬರ್ ಚೆಂಡಿನಿಂದ ಆಡುತ್ತಿದ್ದ ಹುಡುಗ ಕ್ಲಬ್ಬು ಸೇರಿದ್ದು, ನಿಜವಾದ ಚರ್ಮದ ಚೆಂಡಿನಲ್ಲಿ ಆಡುವ ಆಸೆಗಾಗಿ. ಅದೇ ಸೊರಗಿದ ಕೈಯಿಂದ ಅವರು 58 ಟೆಸ್ಟ್ ಪಂದ್ಯಗಳಲ್ಲಿ 242 ವಿಕೆಟ್ ಪಡೆದರು. 1971ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡನ್ನು ಉರುಳಿಸಿದ 38 ರನ್ನಿಗೆ 6 ವಿಕೆಟ್‌ಗಳೂ ಅದರಲ್ಲಿ ಸೇರಿವೆ.

ಬಾಲ್ಯದಲ್ಲಿ ಆಟವೇ ಸಿಗದಿದ್ದರೆ? 2008ರಲ್ಲಿ ಅಮೆರಿಕನ್ನರು ಭಾರತದಲ್ಲಿ ವೇಗವಾಗಿ ಚೆಂಡೆಸೆಯುವವರ ಸ್ಪರ್ಧೆ ನಡೆಸಿ, ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ತರುಣರನ್ನು ಆರಿಸಿದರು. ಭರ್ಜಿ ಎಸೆತದಲ್ಲಿ ಪಳಗಿದ್ದ ಇಬ್ಬರಿಗೂ ಬೇಸ್‌ಬಾಲ್ ಹೊಸದು. ಪಿಟ್ಸ್‌ಬರ್ಗ್ ತಂಡ ಅವರೊಡನೆ ಒಪ್ಪಂದ ಮಾಡಿಕೊಂಡಿತು, ಅವರ ಕಥೆ 2014ರಲ್ಲಿ ಸಿನಿಮಾ ಆಯಿತು. ಆದರೂ ಇಬ್ಬರೂ ಅಲ್ಲಿನ ಅತ್ಯುನ್ನತ ಲೀಗನ್ನು ಮುಟ್ಟಲಿಲ್ಲ. ಅವರ ತೋಳಿನಲ್ಲಿ ಬಲವಿತ್ತು, ಅಮೆರಿಕದ ಹುಡುಗರು ಆಡುತ್ತಲೇ ಕಳೆದ ಹತ್ತಾರು ವರ್ಷಗಳನ್ನು ಮಾತ್ರ ಯಾರೂ ತಂದುಕೊಡುವಂತಿರಲಿಲ್ಲ.

ಎಣಿಕೆಯಲ್ಲಿ ಉಳಿದ ಚರಿತ್ರೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಒಂದು ಕೋಲು-ಚೆಂಡಿನ ಆಟದ ವಿವರವಿದೆ. ಕುದುರೆಯೇರಿದ ಎರಡು ಪಕ್ಷಗಳು ಚೆಂಡನ್ನು ಕೋಲಿನಿಂದ ಹೊಡೆದು ತೋರಣ ದಾಟಿಸುವ ಆಟವದು. ಅರಮನೆಯ ಆಟವಾದ್ದರಿಂದ ಅದು ಗ್ರಂಥಕ್ಕೆ ಏರಿತು. ಕುದುರೆಯಿಲ್ಲದ ಹುಡುಗರು ಓಣಿಯಲ್ಲಿ ಆಡಿದ ಆಟಕ್ಕೆ ಗ್ರಂಥವಿಲ್ಲ, ಅದರ ದಾಖಲೆ ಇರುವುದು ಆಡಿದವರ ಬಾಯಲ್ಲಿ.

ಆ ದಾಖಲೆಯನ್ನು ಹಗುರವಾಗಿ ಕಾಣುವಂತಿಲ್ಲ ಎಂಬುದಕ್ಕೆ ಮಹಾರಾಷ್ಟ್ರದಲ್ಲೊಂದು ಸಾಕ್ಷಿಯಿದೆ. ಮರಾಠಿಯಲ್ಲಿ ಈ ಆಟ 'ವಿಟಿದಾಂಡು'. ದಿನಬಳಕೆಯಲ್ಲಿ ಏಕ, ದೋನ್, ತೀನ್, ಚಾರ್ ಎಂದು ಎಣಿಸುವ ಮರಾಠಿ ಮಕ್ಕಳು ವಿಟಿದಾಂಡಿಗೆ ಬಂದಾಗ 'ವಕಟ, ಲೇಂಡ, ಮುಂಡ, ನಾಲ' ಎನ್ನುತ್ತಿದ್ದರು. ತೆಲುಗಿನ ಒಕಟಿ, ರೆಂಡು, ಮೂಡು, ಕನ್ನಡದ ನಾಲ್ಕು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವು ದ್ರಾವಿಡ ಎಣಿಕೆಯ ನೆರಳು ಎಂದು ಭಾಷೆಯ ಅಭ್ಯಾಸಿಗಳು ಗುರುತಿಸಿದ್ದಾರೆ. ದೊಡ್ಡವರ ಮಾತಿನಲ್ಲಿ ಅಳಿಸಿಹೋದ ನಂಟು ಮಕ್ಕಳ ಆಟದಲ್ಲಿ ಉಳಿದುಕೊಂಡಿದೆ.

ಯಾದಗಿರಿ 2009ರ ಡಿಸೆಂಬರಿನಲ್ಲಿ ಆಗಿನ ಗುಲಬರ್ಗಾದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಪೂರ್ವಕ್ಕೆ ತೆಲಂಗಾಣದ ಗಡಿ, ಓಣಿಗಳಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಮಾತುಗಳು. ಮೂರು ಭಾಷೆ ಕೂಡುವ ಇಂಥ ಕಡೆ ದಾಂಡಿನಿಂದ ಅಳೆಯುತ್ತ ಹುಡುಗರು ಏನೆಂದು ಎಣಿಸುತ್ತಿದ್ದರು? ಸೋತವನಿಗೆ ಯಾವ ಶಿಕ್ಷೆ? ಕುಳಿಗೆ, ಮೊದಲ ಹೊಡೆತಕ್ಕೆ, ತಪ್ಪಿದ ಹೊಡೆತಕ್ಕೆ ಯಾವ ಹೆಸರು? ಶಹಾಪುರದ ಹೆಸರುಗಳೇ ಸುರಪುರದಲ್ಲಿ ಇದ್ದವೇ? ಉತ್ತರ ಬಲ್ಲವರು ಈಗ ಅಜ್ಜ-ಅಜ್ಜಿಯರ ವಯಸ್ಸಿನವರು. ಅವರ ಮೊಮ್ಮಕ್ಕಳ ಕೈಯಲ್ಲಿರುವುದು ಕ್ರಿಕೆಟ್ ಬ್ಯಾಟು, ಅದಿಲ್ಲದಾಗ ಮೊಬೈಲು.

ಕ್ರಿಕೆಟ್ಟನ್ನು ದೂರಿ ಪ್ರಯೋಜನವಿಲ್ಲ. ಇಂದಿನ ಮಕ್ಕಳು ಬಾಲ್ಯದಲ್ಲಿ ಹಿಡಿದುಕೊಂಡ ಪ್ರೀತಿ ಅದು, ಅವರಿಗೂ ಮುಪ್ಪಿನವರೆಗೆ ಜೊತೆಗಿರುತ್ತದೆ. ಆದರೆ ಗ್ರೇವ್ಸ್‌ನ ತಪ್ಪು ನೆನಪನ್ನು ಕೂಡ ಅಮೆರಿಕನ್ನರು ಕಾಗದದಲ್ಲಿ ಪಡೆದು ಕಾಪಾಡಿದರು. ನಂತರದವರು ಅದನ್ನು ತಿದ್ದಲು ಸಾಧ್ಯವಾದದ್ದು ಅದು ಬರೆಹದಲ್ಲಿ ಇದ್ದುದರಿಂದಲೇ. ಬರುವ ರಜೆಯಲ್ಲಿ ಶಾಲೆಯ ಮಕ್ಕಳು ಒಂದೊಂದು ನೋಟ್‌ಬುಕ್ ಹಿಡಿದು ತಮ್ಮ ಮನೆಯ ಹಿರಿಯರೆದುರು ಕೂತು, 'ನೀವು ಹೆಂಗ ಎಣಿಸ್ತಿದ್ರಿ?' ಎಂದು ಕೇಳಿದರೆ ಸಾಕು. ಅಜ್ಜ ಎಣಿಸತೊಡಗಿದರೆ ಆಟದ ಉಳಿದ ಭಾಗ ತಾನಾಗಿ ಬರುತ್ತದೆ. ಅಜ್ಜಿಯನ್ನೂ ಮರೆಯದೆ ಕೇಳಬೇಕು.