ಮಣೆಯ ಮೇಲಣ ಸೇನೆ

ಮನುಷ್ಯನು ರಣರಂಗದಲ್ಲಿ ಮಾಡಿದುದನ್ನೇ ಮನೆಯ ಜಗಲಿಯಲ್ಲಿ ಆಡಿ ನೋಡುವನು. ಕತ್ತಿಯನ್ನೆತ್ತಲಾರದ ಮಗುವು ಕೋಲನ್ನೇ ಕತ್ತಿಯೆನ್ನುವುದು; ಕುದುರೆಯನ್ನೇರಲಾರದ ವೃದ್ಧನು ಮರದ ಕುದುರೆಯನ್ನು ಚೌಕದಿಂದ ಚೌಕಕ್ಕೆ ಹಾರಿಸುವನು. ಈ ಎರಡು ಆಟಗಳ ನಡುವೆ ನಿಲ್ಲತಕ್ಕ ಒಂದು ವಿನೋದವು ಈಗ ಪಾಶ್ಚಾತ್ಯ ದೇಶಗಳಲ್ಲಿ ಬಹು ಪ್ರಚಾರವನ್ನು ಪಡೆದಿರುತ್ತದೆ. ಹೆಬ್ಬೆರಳಿನ ಅರ್ಧದಷ್ಟೆತ್ತರದ ಗೊಂಬೆಯಾಳುಗಳನ್ನು ಸಂಗ್ರಹಿಸಿ, ಕೊಯ್ದು, ಕೂಡಿಸಿ, ಬಣ್ಣ ಬಳಿದು, ಮೇಜಿನ ಮೇಲೆ ಗುಡ್ಡಗಳನ್ನೂ ಪಾಳುಪಟ್ಟಣಗಳನ್ನೂ ಹೂಡಿ, ಸಹಸ್ರಾರು ವರ್ಷಗಳ ಮೇಲೆ ನಕ್ಷತ್ರಲೋಕದಲ್ಲಿ ನಡೆಯಬಹುದಾದ ದಂಡಯಾತ್ರೆಯೊಂದನ್ನು ವಾರವಾರವೂ ಮುಂದುವರಿಸುತ್ತ ಆಡುವುದೇ ಆ ವಿನೋದವು. ನೋಡುವವರಿಗೆ ಇದು ಬರಿಯ ಹುಡುಗಾಟವಾಗಿ ತೋರಬಹುದು. ಆದರೆ ಅದರ ವಂಶಾವಳಿಯನ್ನು ಹಿಂದಕ್ಕೆ ಹಿಂದಕ್ಕೆ ಶೋಧಿಸುತ್ತ ಹೋದರೆ ಅದರ ಬೇರು ಭರತಖಂಡದಲ್ಲಿಯೇ ದೊರೆಯುವುದು. ಅಷ್ಟೇ ಅಲ್ಲ, ಆಟದ ಕಲಹವು ನಿಜವಾದ ಕಲಹವನ್ನು ತಣಿಸುವುದೋ ಕೆರಳಿಸುವುದೋ ಎಂಬ ಪ್ರಶ್ನೆಯು ತುಳುನಾಡಿನ ಚಾವಡಿಗಳಲ್ಲಿ ಬಹು ಹಿಂದೆಯೇ ಕೇಳಲ್ಪಟ್ಟುದಾಗಿದೆ.

ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದಲೇ ಚತುರಂಗಕ್ಕೆ ಆ ಹೆಸರು ಬಂದುದೆಂಬುದು ಸುವಿದಿತವಾಗಿದೆ. 7ನೆಯ ಶತಮಾನದಲ್ಲಿ ಬಾಣಭಟ್ಟನು ತನ್ನ ಹರ್ಷಚರಿತದಲ್ಲಿ ಈ ಆಟವನ್ನು ಸೂಚಿಸಿರುವನು. ಕನ್ನಡ ನಾಡಿನೊಳಗೆ ಕಲ್ಯಾಣದ ಚಾಳುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನಿಗೆ ಯೋಗ್ಯವಾದ ವಿನೋದಗಳೊಡನೆ ಚತುರಂಗವನ್ನೂ ಸಾಕಷ್ಟು ವಿಸ್ತಾರವಾಗಿ ನಿರೂಪಿಸಿರುತ್ತಾನೆ. ನಿಜವಾದ ಚತುರಂಗಬಲವನ್ನು ಆಳುತ್ತಿದ್ದ ಚಕ್ರವರ್ತಿಯು ಮಣೆಯ ಮೇಲಣ ಚತುರಂಗಬಲಕ್ಕೂ ಶಾಸ್ತ್ರವನ್ನು ಬರೆದನೆಂಬುದು ಗಮನಾರ್ಹವಾಗಿದೆ.

ಈ ಆಟವು ದೇಶದಿಂದ ದೇಶಕ್ಕೆ ಹೋದಂತೆಲ್ಲ ಅದರ ಗೊಂಬೆಗಳು ವೇಷವನ್ನು ಬದಲಾಯಿಸಿದುವು. ಪಾರಸಿಕರಿಂದ ಅರಬರಿಗೂ ಅರಬರಿಂದ ಯುರೋಪಿಯನರಿಗೂ ಅದು ದಾಟಿತು. ಅಲ್ಲಿ ಮಂತ್ರಿಯು ರಾಣಿಯಾದನು. ಆನೆಯನ್ನು ಹತ್ತಿರದಿಂದ ಕಾಣದ ಆಂಗ್ಲರು ಅದನ್ನು ಕ್ರೈಸ್ತ ಧರ್ಮಾಧ್ಯಕ್ಷನೆಂದು ಬಗೆದರು. ರಷ್ಯದವರು ಆನೆಯನ್ನು ಉಳಿಸಿಕೊಂಡರು. ಆದರೆ ಅವರಲ್ಲಿ ರಥವು ದೋಣಿಯಾಯಿತು. ಕನ್ನಡಿಗರ ಮಣೆಯಲ್ಲಿಯೂ ರಥವು ಮಾಯವಾಗಿ ಅದರ ಮೂಲೆಗೆ ಆನೆಯು ಬಂದಿತು. ಆನೆಯ ಸ್ಥಾನದಲ್ಲಿ ಮರುಭೂಮಿಯ ಒಂಟೆಯು ನಿಂತಿತು. ತಮಗೆ ದೊರೆತ ಪರದೇಶದ ಗೊಂಬೆಯನ್ನು ತಮ್ಮ ಕಲ್ಪನೆಗೆ ಹೊಂದುವಂತೆ ಮಾರ್ಪಡಿಸಿಕೊಳ್ಳುವ ಈ ಕೆಲಸವನ್ನೇ ಈಗಿನ ಆಟಗಾರರು ಕತ್ತಿ ಅಂಟುಗಳಿಂದ ಮಾಡುತ್ತಿರುವರು. ಹಿಂದೆ ಜನಾಂಗಗಳು ಶತಮಾನಗಳಲ್ಲಿ ಮಾಡಿದುದನ್ನು ಈಗ ಒಬ್ಬೊಬ್ಬನು ಒಂದು ಸಂಜೆಯಲ್ಲಿ ಮಾಡುವನೆಂಬುದಷ್ಟೇ ಭೇದವು.

ಈ ಪರಂಪರೆಯಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರನ್ನು ಮರೆಯುವಂತಿಲ್ಲ. 1794ರಲ್ಲಿ ಜನಿಸಿದ ಆ ಪ್ರಭುಗಳು 1799ರಲ್ಲಿ ಬಾಲಕರಾಗಿರುವಾಗಲೇ ಪಟ್ಟವನ್ನೇರಿದರು. 1831ರಲ್ಲಿ ರಾಜ್ಯಾಡಳಿತವು ಅವರ ಕೈಬಿಟ್ಟು ಆಂಗ್ಲರ ವಶವಾಯಿತು. ಆ ಬಳಿಕ 1868ರಲ್ಲಿ ದಿವಂಗತರಾಗುವ ವರೆಗೆ ಅವರಿಗೆ ಅರಮನೆಯಿತ್ತು, ಬಿರುದುಗಳಿದ್ದುವು, ಅಧಿಕಾರವಿರಲಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ನಾನಾ ವಿಧವಾದ ಆಟಗಳು ವರ್ಣಿತವಾಗಿವೆ. ಅವುಗಳಲ್ಲಿ ಚದದ ಎಲೆಯಾಟಗಳು 36 ಎಲೆಗಳಿಂದ ಮೊದಲ್ಗೊಂಡು 360 ಎಲೆಗಳವರೆಗೆ ಬೆಳೆದಿರುತ್ತವೆ. ಚದುರಂಗದ ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲವೇ ಮೆಟ್ಟಿ ಬರುವ ಕ್ರಮಗಳನ್ನು ಅವರು ಸ್ವತಃ ರಚಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಚಿತ್ರಿತವಾದ ಆಟದ ಹಾಸುಗಳು ಪ್ರೇಕ್ಷಕರನ್ನು ಬೆರಗುಗೊಳಿಸುತ್ತವೆ. ನೆಲದ ಮೇಲಣ ರಾಜ್ಯವನ್ನು ಆಳಗೊಡಿಸದೆ ಹೋದ ಅರಸನು ಹಾಸಿನ ಮೇಲಣ ರಾಜ್ಯಕ್ಕೆ ಇಷ್ಟು ವಿಶಾಲವಾದ ವ್ಯವಸ್ಥೆಯನ್ನು ಕಲ್ಪಿಸಿದನೆಂಬುದನ್ನು ಯೋಚಿಸಿದರೆ, ಆಟವು ಬರಿಯ ಕಾಲಹರಣವಲ್ಲವೆಂದು ಮನದಟ್ಟಾಗುವುದು.

ಯುರೋಪು ಖಂಡದಲ್ಲಿ ಈ ಆಟವು ಮತ್ತೊಂದು ದಾರಿಯನ್ನು ಹಿಡಿಯಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್ ನಗರದ ಹೆಲ್ವಿಗ್ ಎಂಬ ಪಂಡಿತನು ಚದುರಂಗದ ಮಣೆಯನ್ನು 1,617 ಮನೆಗಳಷ್ಟು ಹಿಗ್ಗಿಸಿ, ಮನೆಗಳಿಗೆ ಬಣ್ಣವನ್ನಿತ್ತು, ಬೆಟ್ಟ, ಜವುಗು, ನೀರು ಮೊದಲಾದುವನ್ನು ಅದರಲ್ಲಿ ತಂದನು. 1812ರಲ್ಲಿ ಪ್ರಶ್ಯದ ರೈಸ್‌ವಿಟ್ಸ್ ಎಂಬವನು ಚೌಕಗಳನ್ನೇ ತೊಡೆದುಹಾಕಿ, ನೆಲದ ಏರುತಗ್ಗುಗಳನ್ನು ತೋರಿಸುವ ಮೇಜೊಂದನ್ನು ತನ್ನ ದೊರೆಗೆ ಒಪ್ಪಿಸಿದನು. ಅವನ ಮಗನು 1824ರಲ್ಲಿ ಅದಕ್ಕೆ ನಕಾಶೆಗಳನ್ನೂ ದಾಳವನ್ನೂ ಮಧ್ಯಸ್ಥನನ್ನೂ ಸೇರಿಸಿ ನಿಯಮಗಳನ್ನು ಪ್ರಕಟಿಸಲು, ಪ್ರಶ್ಯದ ಸೇನಾಧಿಕಾರಿಗಳಿಗೆ ಅದು ಶಿಕ್ಷಣದ ಒಂದು ಅಂಗವೇ ಆಯಿತು. 1870–71ರಲ್ಲಿ ಪ್ರಶ್ಯವು ಫ್ರಾನ್ಸನ್ನು ಸೋಲಿಸಿದ ತರುವಾಯ ಇತರ ದೇಶಗಳ ಸೈನ್ಯಗಳೂ ಇದನ್ನು ಅಭ್ಯಾಸಮಾಡತೊಡಗಿದುವು. ಹೀಗೆ ಯುದ್ಧದಿಂದ ಹುಟ್ಟಿದ ಆಟವು ತಿರುಗಿ ಯುದ್ಧದ ಸೇವೆಗೆ ಹೋಯಿತು.

ಆದರೆ ಮೇಜಿನ ಮೇಲಣ ಸೇನೆಗೆ ಹೊಟ್ಟೆಯಿಲ್ಲ. ಇದನ್ನು ಮಂಗಳೂರಿನವರಿಗೆ ವಿವರಿಸಿ ಹೇಳಬೇಕಾದುದಿಲ್ಲ. 1783ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಯನ್ನು ಮುತ್ತಲು, ಒಳಗಿದ್ದ ಆಂಗ್ಲರ ಪಾಳಯವು ಹಲವು ತಿಂಗಳ ಪರ್ಯಂತ ಹೋರಾಡಿ, ಗುಂಡುಗಳಿಗಿಂತಲೂ ಹಸಿವು ರೋಗಗಳಿಂದ ಕ್ಷೀಣಿಸಿ, 1784ರ ಜನವರಿಯಲ್ಲಿ ಕೋಟೆಯನ್ನು ಬಿಟ್ಟುಕೊಟ್ಟಿತು. ಅದೇ ವರ್ಷದ ಮಾರ್ಚಿಯಲ್ಲಿ ಈ ಊರಿನಲ್ಲಿಯೇ ಸಂಧಿಪತ್ರವಾಯಿತು. ಆಟದ ಮೇಜಿನಲ್ಲಿ ಇಂತಹ ಮುತ್ತಿಗೆಯನ್ನು ನಾಲ್ಕು ಗಳಿಗೆಯಲ್ಲಿ ಮುಗಿಸಬಹುದು. ಬಿದ್ದ ಗೊಂಬೆಗಳನ್ನು ಮರುದಿನ ಎದ್ದು ನಿಲ್ಲಿಸಬಹುದು. ಆಟದ ಸುಖವೂ ಇದರಲ್ಲಿಯೇ ಇದೆ, ಅದರ ಅಪಾಯವೂ ಇದರಲ್ಲಿಯೇ ಇದೆ.

ಈ ವಿರೋಧವನ್ನು ಚೆನ್ನಾಗಿ ಕಂಡವನು ಆಂಗ್ಲ ಗ್ರಂಥಕರ್ತನಾದ ಎಚ್. ಜಿ. ವೆಲ್ಸನು. 1898ರಲ್ಲಿ ಮಂಗಳಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ಕಥೆಯನ್ನು ಗ್ರಂಥರೂಪದಲ್ಲಿ ಹೊರಡಿಸಿ ವಿಜ್ಞಾನಕಥೆಗೆ ದಾರಿ ತೆರೆದ ಈತನೇ, 1913ರಲ್ಲಿ ಗೊಂಬೆಸೈನಿಕರ ಕಾಳಗಕ್ಕೆ ನಿಯಮಗಳನ್ನು ರಚಿಸಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. 1893ರಿಂದ ಲಂಡನಿನ ಬ್ರಿಟನ್ಸ್ ಕಾರ್ಖಾನೆಯವರು ಸೀಸದ ಮಿಶ್ರಲೋಹವನ್ನು ಅಚ್ಚಿನಲ್ಲಿ ಸುರಿದು, ಒಳಗಿನದು ಗಟ್ಟಿಯಾಗುವ ಮೊದಲೇ ಹೊರಚೆಲ್ಲಿ, ಟೊಳ್ಳಾದ ಗೊಂಬೆಗಳನ್ನು ಮಾಡತೊಡಗಿದ್ದರು. ಲೋಹವು ಉಳಿದುದರಿಂದ ಬೆಲೆಯು ಇಳಿದು, ಸಾಧಾರಣ ಗೃಹಸ್ಥರ ಮಕ್ಕಳಿಗೂ ಸೇನೆಯು ದೊರೆಯಿತು. ವೆಲ್ಸನು ಆ ಸೈನಿಕರನ್ನು ನೆಲದ ಮೇಲೆ ಹೂಡಿ, ಮರದ ತುಂಡುಗಳನ್ನು ಹಾರಿಸುವ ಆಟದ ಫಿರಂಗಿಗಳಿಂದ ಗೆಳೆಯರೊಡನೆ ಕಾದಾಡುತ್ತಿದ್ದನು. ಪುಸ್ತಕದ ಕೊನೆಗೆ ಅವನು ಸಾರಿದುದರ ತಾತ್ಪರ್ಯವೇನೆಂದರೆ: ಈ ಸಣ್ಣ ಯುದ್ಧವೇ ದೊಡ್ಡ ಯುದ್ಧಕ್ಕಿಂತ ಮೇಲು, ಯುದ್ಧದ ಹುಚ್ಚುಳ್ಳವರೆಲ್ಲ ಇದನ್ನಾಡಿ ತೃಪ್ತರಾಗಲಿ. ಪುಸ್ತಕವು ಹೊರಟ ಮರುವರ್ಷವೇ, 1914ರಲ್ಲಿ, ಜಗತ್ತಿನ ಮಹಾಯುದ್ಧವು ಹೊತ್ತಿಕೊಂಡಿತು.

ವೆಲ್ಸನ ಆಶೆಗೆ ಪ್ರತಿಯಾಗಿ ತುಳುನಾಡಿನ ಸಿರಿಪಾಡ್ದನವು ಬೇರೊಂದು ಮಾತನ್ನು ಹೇಳುವುದು. ಚೆನ್ನೆಮಣೆಯಲ್ಲಿ ಆನೆ ಕುದುರೆಗಳಿಲ್ಲ. ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು, ಗುಳಿಗೆ ನಾಲ್ಕರಂತೆ ಬೀಜಗಳು, ಇಷ್ಟೇ. ಮಳೆಯು ಜನರನ್ನು ಮನೆಯೊಳಗೆ ಕಟ್ಟಿಹಾಕುವ ಆಟಿ ತಿಂಗಳಲ್ಲಿ ಇದನ್ನಾಡುವುದು ರೂಢಿ. ಸಿರಿಯ ಮೊಮ್ಮಕ್ಕಳಾದ ಅಬ್ಬಗ ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತಿರಲು ಸೋಲುಗೆಲುವಿನ ಮಾತು ಕಲಹಕ್ಕೆ ತಿರುಗಿ, ಒಬ್ಬಳು ಮತ್ತೊಬ್ಬಳನ್ನು ಆ ಮಣೆಯಿಂದಲೇ ಹೊಡೆದಳು. ತಂಗಿ ಅಕ್ಕಂದಿರಲ್ಲಿ ಒಬ್ಬಳು ಪೆಟ್ಟಿನಿಂದಲೂ ಇನ್ನೊಬ್ಬಳು ಬಾವಿಗೆ ಹಾರಿಯೂ ಅಳಿದರು. ಗೋಪಾಲ ನಾಯ್ಕರು ಹಾಡಿದ ಸಿರಿಸಂಧಿಯು 15,683 ಸಾಲುಗಳ ಮಹಾಕಾವ್ಯವಾಗಿ 1998ರಲ್ಲಿ ಫಿನ್ಲೆಂಡಿನ ವಿದ್ವಾಂಸನಾದ ಲೌರಿ ಹೊಂಕೋ ಎಂಬವರ ನೇತೃತ್ವದಲ್ಲಿ ಪ್ರಕಟವಾಗಿರುತ್ತದೆ. ಮಣೆಯ ಮೇಲೆ ಸೇನೆಯೇ ಇಲ್ಲದಿದ್ದರೂ ಮನಸ್ಸಿನೊಳಗೆ ಸೇನೆಯು ಎದ್ದು ನಿಲ್ಲಬಹುದೆಂಬ ಎಚ್ಚರಿಕೆಯನ್ನು ನಾಡಿನ ಹೆಂಗಸರು ಪಾಡ್ದನದಲ್ಲಿ ಉಳಿಸಿಕೊಂಡು ಬಂದಿರುವರು.

ವಿಜ್ಞಾನಕಥೆಯೂ ಗೊಂಬೆಸೇನೆಯೂ ಚೆನ್ನಾಗಿ ಬೆರೆತುದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೇರಿಕೆಯ ಗ್ಯಾರಿ ಗೈಗ್ಯಾಕ್ಸ್ ಎಂಬವನು 1971ರಲ್ಲಿ ಮಧ್ಯಯುಗದ ಕಾಳಗಕ್ಕೆ ನಿಯಮಗಳನ್ನು ಜೊತೆಗಾರನೊಡನೆ ಪ್ರಕಟಿಸಿ, ಅದಕ್ಕೆ ಮಾಟಗಾರರನ್ನೂ ರಾಕ್ಷಸರನ್ನೂ ಸೇರಿಸಿದನು. ಅಂತಹ ರಾಕ್ಷಸರ ಗೊಂಬೆಗಳು ಆಗ ಸುಲಭವಾಗಿ ದೊರೆಯುತ್ತಿರಲಿಲ್ಲ. ಆದಕಾರಣ ಅವನು ಹಾಂಗ್‌ಕಾಂಗಿನಿಂದ ಬರುತ್ತಿದ್ದ ಅಗ್ಗದ ಪ್ಲಾಸ್ಟಿಕ್ ಮೃಗಗಳನ್ನು ಕೊಂಡು ತನ್ನ ಸೇನೆಗೆ ಸೇರಿಸಿದನು. ಯಾವ ಪ್ರಾಣಿಯೆಂದು ಗುರುತಿಸಲಾಗದ ಆ ವಿಕಾರವಾದ ಆಟಿಕೆಗಳಿಗೆ ಅವನಿತ್ತ ಹೆಸರುಗಳೂ ಗುಣಗಳೂ 1974ರಲ್ಲಿ ಅವನು ಆರ್ನೆಸನನೊಡನೆ ಆರಂಭಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪರಂಪರೆಯಲ್ಲಿ ಶಾಶ್ವತವಾದುವು. 1977ರಲ್ಲಿ ನಕ್ಷತ್ರಯಾನವನ್ನೇ ವಸ್ತುವಾಗುಳ್ಳ ‘ಟ್ರಾವೆಲರ್’ ಎಂಬ ಆಟವು ಹೊರಟಿತು. ಅದೇ ವರ್ಷದ ‘ಸ್ಟಾರ್ ವಾರ್ಸ್’ ಚಿತ್ರದ ಕುಶಲಕರ್ಮಿಗಳು ಅಂಗಡಿಯಲ್ಲಿ ಮಾರುವ ಯುದ್ಧರಥಗಳ ಮಾದರಿಗಳನ್ನು ಒಡೆದು, ಆ ತುಣುಕುಗಳನ್ನು ತಮ್ಮ ಆಕಾಶನೌಕೆಗಳಿಗೆ ಅಂಟಿಸಿದರು. 1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪಿನವರು ಪ್ರಕಟಿಸಿದ ‘ವಾರ್‌ಹ್ಯಾಮರ್ 40,000’ ಎಂಬ ಆಟದ ಆರಂಭಕಾಲದಲ್ಲಿ, ಬೆವರಿನ ವಾಸನೆಯನ್ನಡಗಿಸುವ ಲೇಪದ ಬರಿದಾದ ಡಬ್ಬಿಯಿಂದ ತೇಲುವ ಯುದ್ಧರಥವನ್ನು ಮಾಡುವ ವಿಧಾನವನ್ನು ಆಟಗಾರರಿಗೆ ಬೋಧಿಸುತ್ತಿದ್ದರು.

ರೂಪಾಂತರದ ಕೆಲಸವು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ತಾಳ್ಮೆಯದು. ಮೊದಲು ಗೊಂಬೆಯ ಅಂಚಿನಲ್ಲಿ ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಉಳಿದ ಗೆರೆಯನ್ನು ಕೆರೆದು ತೆಗೆಯಬೇಕು. ಬಳಿಕ ಒಂದರ ತಲೆಯನ್ನೂ ಮತ್ತೊಂದರ ತೋಳನ್ನೂ ಸಣ್ಣ ಗರಗಸದಿಂದ ಬೇರ್ಪಡಿಸಬೇಕು. ಲೋಹದ ಗೊಂಬೆಯಾದರೆ ಬರಿಯ ಅಂಟು ಸಾಲದು. ಎರಡು ಕಡೆಯೂ ತೂತು ಕೊರೆದು ನಡುವೆ ತಂತಿಯನ್ನು ಸಿಕ್ಕಿಸಬೇಕು. ಪ್ಲಾಸ್ಟಿಕಿನದಾದರೆ ಅದಕ್ಕೆಂದೇ ಇರುವ ದ್ರವವು ಎರಡು ಮೈಗಳನ್ನೂ ತುಸು ಕರಗಿಸಿ ಬೆಸೆಯುವುದು. ಸಂದುಗಳನ್ನು ಎರಡು ಬಗೆಯ ಮೆತ್ತನೆಯ ಮಿಶ್ರಣವನ್ನು ನಾದಿ ತುಂಬಬೇಕು; ಅದು ಕೆಲವು ಗಂಟೆಗಳಲ್ಲಿ ಕಲ್ಲಿನಂತಾಗುವುದು. ಒಂದೇ ಬಣ್ಣದ ತಳಲೇಪವನ್ನು ಕೊಟ್ಟು, ನೀರಾಗಿಸಿದ ಬಣ್ಣವನ್ನು ಪದರಪದರವಾಗಿ ಬಳಿದ ಮೇಲೆಯೇ ಆ ಬೆಸುಗೆಯು ಕಾಣದಾಗಿ ಹೊಸ ಜೀವಿಯು ತಲೆಯೆತ್ತುವುದು. ಇಷ್ಟು ಶ್ರಮದಿಂದ ಹುಟ್ಟಿದ ಆಳಿಗೆ ಆಟಗಾರನು ಹೆಸರಿಡುವನು. ದಂಡಯಾತ್ರೆಯಲ್ಲಿ ಅವನು ಗಾಯಗೊಂಡರೆ ಮುಂದಿನ ಆಟಕ್ಕೆ ಆ ಗಾಯವನ್ನೂ ಬಣ್ಣದಿಂದ ತೋರಿಸುವನು. ವೆಲ್ಸನು ಬಯಸಿದುದು ಇಲ್ಲಿ ಸ್ವಲ್ಪಮಟ್ಟಿಗಾದರೂ ಸಾಧಿಸುವಂತಿದೆ. ಸಾವಿರದಲ್ಲಿ ಒಬ್ಬನಾದ ಸೈನಿಕನು ಲೆಕ್ಕಕ್ಕೆ ಮಾತ್ರ. ಹೆಸರುಳ್ಳವನಾದರೋ ಅವನು ಬಿದ್ದಾಗ ಆಡುವವನ ಮನಸ್ಸು ನೋಯುವುದು.

ಅಚ್ಚು ಎಂಬುದರ ಶಕ್ತಿಯನ್ನು ಮಂಗಳೂರಿಗಿಂತ ಚೆನ್ನಾಗಿ ಬಲ್ಲ ಊರುಗಳು ವಿರಳ. 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ, ಒಂದೇ ಅಚ್ಚಿನಿಂದ ಇಳಿದ ಕೆಂಪು ಹಂಚುಗಳು ದೇಶದೇಶಗಳ ಮಾಡುಗಳನ್ನು ಮುಚ್ಚಿದುವು. ಒಂದು ಹಂಚು ಮತ್ತೊಂದರಂತೆಯೇ ಇರುವುದು ಅದರ ಗುಣ. ಇಲ್ಲದಿದ್ದರೆ ಮಳೆ ಸೋರುವುದು. ಆದರೆ ಅದೇ ಜಿಲ್ಲೆಯ ಮಣ್ಣು ಬೆಳ್ತಂಗಡಿ ತಾಲೂಕಿನ ನಡ ಗ್ರಾಮದಲ್ಲಿ ಮತ್ತೊಂದು ಕಾರ್ಯಕ್ಕೂ ಒದಗುತ್ತಿದೆ. ಅಲ್ಲಿಯ ಸುರ್ಯದ ಸದಾಶಿವರುದ್ರ ದೇವಸ್ಥಾನಕ್ಕೆ ಹರಕೆ ಹೊತ್ತವರು ತಮ್ಮ ಇಷ್ಟಾರ್ಥದ ಮಣ್ಣಿನ ಕಿರುರೂಪವನ್ನು ಒಪ್ಪಿಸುತ್ತಾರೆ. ಅವು ಅಲ್ಲಿಯ ಬನದಲ್ಲಿ ಹಾಗೆಯೇ ಇರುತ್ತವೆ. ಮನೆ, ತೊಟ್ಟಿಲು, ಮಗು, ದನಕರು ಇವುಗಳ ಸಾಲಿನಲ್ಲಿ ಇತ್ತೀಚೆಗೆ ಮೋಟಾರು ಕಾರೂ ಕಂಪ್ಯೂಟರೂ ಸೇರಿರುತ್ತವೆ. ಹರಕೆಯು ಆಟವಲ್ಲ, ಅದನ್ನು ಆಟಕ್ಕೆ ಹೋಲಿಸುವುದು ಉಚಿತವೂ ಅಲ್ಲ. ಆದರೂ ಹಳೆಯ ಮಣ್ಣಿನಲ್ಲಿ ಇನ್ನೂ ಕೈಗೆ ಬಾರದ ನಾಳೆಯನ್ನು ರೂಪಿಸಿ ನೋಡುವ ಸ್ವಭಾವವು ಜನರಲ್ಲಿ ಎಷ್ಟು ಸಹಜವಾದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಹೀಗೆ ಚಾಳುಕ್ಯ ಚಕ್ರವರ್ತಿಯ ಮಣೆಯಿಂದ ನಕ್ಷತ್ರಯುದ್ಧದ ಮೇಜಿನವರೆಗೆ ಗೊಂಬೆಗಳು ವೇಷ ಬದಲಾಯಿಸುತ್ತಲೇ ಬಂದಿವೆ. ಆಡುವ ಕೈಯು ಮಾತ್ರ ಅದೇ. ಆ ಕೈಯಲ್ಲಿರುವುದು ಪ್ರಶ್ಯದ ಅಧಿಕಾರಿಯ ಲೆಕ್ಕವೋ, ವೆಲ್ಸನ ಆಶೆಯೋ, ಅಬ್ಬಗ ದಾರಗರ ರೋಷವೋ ಎಂಬುದನ್ನು ಯಾವ ನಿಯಮಪುಸ್ತಕವೂ ನಿಶ್ಚಯಿಸಲಾರದು. ಮನೆಯ ಮಕ್ಕಳು ಮುರಿದ ಆಟಿಕೆಗಳನ್ನು ಕೂಡಿಸಿ ಹೆಸರರಿಯದ ಲೋಕದ ವೀರನೊಬ್ಬನನ್ನು ನಿರ್ಮಿಸುತ್ತಿದ್ದರೆ ಹಿರಿಯರು ಅದನ್ನು ಗುಡಿಸಿ ಎಸೆಯುವ ಮೊದಲು ಕ್ಷಣಕಾಲ ನಿಂತು ನೋಡುವುದು ಒಳ್ಳೆಯದು. ಆಟವು ಮುಗಿದ ಮೇಲೆ ಸೋತವನೂ ಗೆದ್ದವನೂ ಒಟ್ಟಿಗೆ ಕುಳಿತು ಬಿದ್ದ ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಡುವುದನ್ನು ಕಲಿಸಿದರೆ, ಆ ಸೇನೆಯಿಂದ ಭಯಪಡಬೇಕಾದುದೇನೂ ಇಲ್ಲ.