ಜಮಾ, ವಜಾ, ಬಾಕಿ

ಪಹಣಿ ಕೈಗೆ ಬಂದೊಡನೆ ಕಣ್ಣು ಒಂಬತ್ತನೇ ಕಾಲಂಗೆ, ಹೆಸರಿರುವ ಕಡೆಗೆ ಓಡುತ್ತದೆ. ಮೂರನೇ ಕಾಲಮ್ಮನ್ನು ನಿಂತು ಓದುವವರು ಕಡಿಮೆ. ಅಲ್ಲೊಂದು ಪುಟ್ಟ ಕಳೆಯುವ ಲೆಕ್ಕವಿದೆ: ಒಟ್ಟು ವಿಸ್ತೀರ್ಣ, ಅದರಲ್ಲಿ ‘ಅ’ ಖರಾಬು ಇಷ್ಟು, ‘ಬ’ ಖರಾಬು ಇಷ್ಟು, ಉಳಿದದ್ದು ಇಷ್ಟು. ಇಂದಿನ ವರದಿ ತಂತ್ರಾಂಶಗಳು ಪರದೆಯ ಮೇಲೆ ‘ಯಾವುದನ್ನು ಸೇರಿಸಲಿ, ಯಾವುದನ್ನು ಬಿಡಲಿ’ ಎಂದು ಕೇಳುತ್ತವಲ್ಲ, ಆ ಪ್ರಶ್ನೆಗೆ ಈ ನಾಡಿನ ಭೂಮಿ ಲೆಕ್ಕ ಎಷ್ಟೋ ಮೊದಲೇ ಉತ್ತರ ಬರೆದಿಟ್ಟಿದೆ.

ಎಷ್ಟು ಮೊದಲು? ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಊರನ್ನು ದಾನ ಕೊಡುವಾಗ ಒಂದು ಷರತ್ತು ಬರುತ್ತದೆ: ಹಿಂದೆಯೇ ದೇವರಿಗೂ ಬ್ರಾಹ್ಮಣರಿಗೂ ಕೊಟ್ಟ ಭೂಮಿ ಇದರಲ್ಲಿ ಸೇರಿಲ್ಲ. ಇದು ಬಿಡುವ ಪಟ್ಟಿ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಇದಕ್ಕೆ ತಿರುವುಮುರುವಾದ ಸೇರಿಸುವ ಪಟ್ಟಿ ಸಿಗುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಒಂದೊಂದಾಗಿ ಎಣಿಸಿ ಕೊಡುತ್ತಿದ್ದರು. ‘ಎಲ್ಲವೂ ನಿನ್ನದೇ’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಮುಗಿಸಲಿಲ್ಲ, ಹೆಸರಿಸದೆ ಬಿಟ್ಟದ್ದು ಮುಂದೆ ವ್ಯಾಜ್ಯವಾಗುತ್ತದೆಂದು ಬರೆಸಿದವರಿಗೆ ಗೊತ್ತಿತ್ತು.

ಮುಂದೆ ಈ ವಿದ್ಯೆ ಶಾನುಭೋಗರ ಕೈಯಲ್ಲಿತ್ತು. ಹುಣಸೆಬೀಜದ ಸರಿಯನ್ನು ಇದ್ದಿಲಿನ ಪುಡಿಯೊಡನೆ ಬಟ್ಟೆಗೆ ಬಳಿದು, ಒಣಗಿಸಿ, ಮಡಿಚಿ ಮಾಡಿದ ಕಡತ; ಬರೆಯಲು ಬಳಪ. ಅವರ ಲೆಕ್ಕವೆಲ್ಲ ಮೂರು ಮಾತಿನಲ್ಲಿ ನಡೆಯುತ್ತಿತ್ತು: ಜಮಾ, ವಜಾ, ಬಾಕಿ. ಬಟ್ಟೆಯ ಕಡತ ಹೋಯಿತು, ಹೆಸರು ಮಾತ್ರ ಕಚೇರಿಯ ಫೈಲಿಗೆ ಅಂಟಿಕೊಂಡಿತು. ‘ವಜಾ’ದ ಗತಿ ಇನ್ನೂ ವಿಚಿತ್ರ. ಲೆಕ್ಕದಿಂದ ಕಳೆಯುವುದು ಎಂಬಷ್ಟೇ ಅರ್ಥವಿದ್ದ ಪದ ಈಗ ಅರ್ಜಿಗೂ ನೌಕರಿಗೂ ಕತ್ತರಿ ಹಾಕುವ ಮಾತಾಗಿದೆ.

1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ, ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಮಾದರಿಯ ಕಂದಾಯ ಸರ್ವೆ ಶುರುವಾಯಿತು. ಮೊದಲು ಸರಪಳಿ ಬಿದ್ದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಆ ಸರಪಳಿಯ ಉದ್ದ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಳೆದರೆ ಗುಂಟೆ. 40 ಗುಂಟೆಗೆ ಎಕರೆ. ಹೊಲಕ್ಕೆ ಸರ್ವೆ ನಂಬರು ಬಿತ್ತು, ಜಮೀನು ಖುಷ್ಕಿ, ತರಿ, ಬಾಗಾಯ್ತು ಎಂದು ಬೇರ್ಪಟ್ಟಿತು. ಕಂದಾಯ ಕಟ್ಟಬೇಕಾದ ನೆಲ ಯಾವುದು, ಕಟ್ಟಬೇಕಿಲ್ಲದ ನೆಲ ಯಾವುದು ಎಂಬುದು ಹೊಲದ ಬದುವಿನಲ್ಲೇ ತೀರ್ಮಾನವಾಯಿತು.

ಈ ಕಟ್ಟಬೇಕಿಲ್ಲದ ನೆಲವೇ ಖರಾಬು. 1966ರ ಭೂಕಂದಾಯ ನಿಯಮಗಳು ಅದರ ಎರಡು ಬಗೆಯನ್ನು ಬಿಡಿಸಿ ಹೇಳುತ್ತವೆ. ಸಾಗುವಳಿಗೆ ಬಾರದ ನೆಲ, ಹಿಡುವಳಿದಾರನ ಕಣ, ಹೊಲದ ಕಟ್ಟಡ ‘ಅ’ಗೆ ಸೇರುತ್ತವೆ. ದಾರಿ, ಕಾಲುದಾರಿ, ಊರವರು ಬಳಸುವ ಕೆರೆ, ಹಳ್ಳ, ಸ್ಮಶಾನ, ಕುಂಬಾರರಿಗೆ ಬಿಟ್ಟ ಜಾಗ ‘ಬ’ಗೆ. ಎರಡಕ್ಕೂ ಕಂದಾಯವಿಲ್ಲ. ಆದರೆ ಮೊದಲನೆಯದು ಒಬ್ಬನಿಗೆ ಸೇರಿದ್ದು, ಎರಡನೆಯದು ಊರಿನದು. ಇಷ್ಟು ಜಾಣ ವಿಂಗಡಣೆ ಇಂದಿನ ಎಷ್ಟೋ ತಂತ್ರಾಂಶಗಳಲ್ಲಿಲ್ಲ. ಬಿಟ್ಟಿದ್ದನ್ನೆಲ್ಲ ಅವು ಒಂದೇ ಚೀಲಕ್ಕೆ ತುಂಬುತ್ತವೆ, ಏಕೆ ಬಿಟ್ಟದ್ದೆಂದು ಬರೆದಿಡುವುದಿಲ್ಲ.

ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ತೆಗೆದುಹಾಕಿತು. ಅವರ ಜಾಗಕ್ಕೆ ಗ್ರಾಮಲೆಕ್ಕಿಗರು ಬಂದರು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಪಹಣಿ ಕೊಡತೊಡಗಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ರೈತನ ಕಡೆಗೆ ತಿರುಗಿಸಿಟ್ಟ ಎರಡನೇ ಪರದೆಯೂ ಇತ್ತು. ಒಳಗೆ ಏನು ಒತ್ತುತ್ತಿದ್ದಾರೆಂದು ಹೊರಗೆ ನಿಂತವನು ನೋಡಬಹುದಾಗಿತ್ತು. ಆ ಯೋಜನೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಆದರೆ ಪರದೆ ಕಂಡರೆ ಸಾಲದು, ಕೇಳಲೂ ಬರಬೇಕು. ಸರಪಳಿ ಮೊದಲು ಬಿದ್ದ ಅದೇ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಭಕ್ತರು ಗಂಗಾಕೊಳದ ಮುಂದೆ ನಿಂತು ಕೋರಿಕೆ ಹೇಳಿಕೊಳ್ಳುತ್ತಾರೆ. ನೀರಿನಿಂದ ಪ್ರಸಾದ ತೇಲಿ ಬಂದರೆ ಕೋರಿಕೆ ಈಡೇರಿದಂತೆ ಎಂಬುದು ನಂಬಿಕೆ. ಗಂಗೆಯ ಮುಂದೆ ಮನಸ್ಸಿನಲ್ಲಿ ನೆನೆದರೆ ಸಾಕು. ಕಂಪ್ಯೂಟರಿನ ಮುಂದೆ ಅದು ನಡೆಯದು, ಕೇಳುವ ರೀತಿಯೇ ಉತ್ತರವನ್ನು ಬದಲಿಸುತ್ತದೆ.

ಅದೇ ಸೀಮೆಯ ಒಂದು ತೋಟವನ್ನು ಊಹಿಸಿಕೊಳ್ಳಿ. ಒಂದೇ ಸರ್ವೆ ನಂಬರಿನಲ್ಲಿ ತೆಂಗು, ನಡುವೆ ಬಾಳೆ. ದಾಖಲೆಯಲ್ಲಿ ಎರಡು ಸಾಲು. ‘ತೆಂಗು ಬಿಟ್ಟು ಉಳಿದದ್ದು ಕೊಡು’ ಎಂದರೆ ಯಂತ್ರ ತೆಂಗಿನ ಸಾಲನ್ನು ಕೈಬಿಡುತ್ತದೆ, ಬಾಳೆಯ ಸಾಲು ಹಾಗೇ ಉಳಿಯುತ್ತದೆ. ಕೇಳಿದವನಿಗೆ ಬೇಕಾಗಿದ್ದದ್ದು ತೆಂಗೇ ಇಲ್ಲದ ಜಮೀನುಗಳ ಪಟ್ಟಿ. ಕೈಗೆ ಬಂದದ್ದರಲ್ಲಿ ತೆಂಗಿನ ತೋಟವೂ ಇದೆ. ಸಾಲನ್ನು ಬಿಡುವುದು ಬೇರೆ, ಸರ್ವೆ ನಂಬರನ್ನೇ ಬಿಡುವುದು ಬೇರೆ. ಶಾನುಭೋಗರಾಗಿದ್ದರೆ ‘ಯಾವುದಯ್ಯಾ ನಿನಗೆ ಬೇಕಾದ್ದು?’ ಎಂದು ತಿರುಗಿ ಕೇಳುತ್ತಿದ್ದರು. ಯಂತ್ರ ಕೇಳಬೇಕಾದರೆ ಆ ಪ್ರಶ್ನೆಯನ್ನು ಅದರೊಳಗೆ ಯಾರಾದರೂ ಬರೆದಿಟ್ಟಿರಬೇಕು.

ಖಾಲಿ ಕಾಲಮ್ಮಿನದು ಇನ್ನೊಂದು ಪೇಚು. ಬೆಳೆಯ ಹೆಸರನ್ನೇ ಬರೆಯದ ಜಮೀನು ‘ರಾಗಿ’ ಎಂದು ಹುಡುಕಿದರೂ ಸಿಗದು, ‘ರಾಗಿ ಅಲ್ಲದ್ದು’ ಎಂದು ಹುಡುಕಿದರೂ ಸಿಗದು. ದತ್ತಾಂಶದ ಭಾಷೆಯಾದ ಎಸ್‌ಕ್ಯೂಎಲ್‌ಗೆ ಖಾಲಿ ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ, ತಿಳಿಯದು. ಬಿಡಬೇಕಾದ ಪಟ್ಟಿಯಲ್ಲೇ ಒಂದು ಖಾಲಿ ನುಸುಳಿದರಂತೂ ಇಡೀ ವರದಿಯೇ ಬರಿದಾಗಬಹುದು. ಸೇರಿಸುವ ಪೆಟ್ಟಿಗೆಯನ್ನು ಖಾಲಿ ಬಿಟ್ಟರೆ ‘ಎಲ್ಲ’ ಎಂದೋ ‘ಏನೂ ಇಲ್ಲ’ ಎಂದೋ? ಪರದೆ ರೂಪಿಸಿದವನು ಅದನ್ನು ಅಲ್ಲೇ ಕನ್ನಡದಲ್ಲಿ ಬರೆದರೆ ತಾಲ್ಲೂಕು ಕಚೇರಿಗೆ ಎರಡು ಸಲ ಅಲೆಯುವುದು ತಪ್ಪುತ್ತದೆ.

2020ರಿಂದ ರೈತರು ಮೊಬೈಲ್ ಆಪ್‌ನಲ್ಲಿ ತಮ್ಮ ಬೆಳೆಯ ವಿವರವನ್ನು ತಾವೇ ದಾಖಲಿಸಬಹುದಾಗಿದೆ. ಆದರೆ ಪಹಣಿ ಹುಡುಕುವ ಪುಟದ ಒಗಟು ಹಾಗೇ ಇದೆ. ಅಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಲ್ಲ ತುಂಬಿದ ಮೇಲೂ ‘ಸರ್ನೋಕ್’ ಎಂಬ ಪೆಟ್ಟಿಗೆ ಎದುರಾಗುತ್ತದೆ. ಹೆಚ್ಚಿನ ಸಲ ಅದರಲ್ಲಿ ಇರುವುದು ಒಂದೇ ಒಂದು ನಕ್ಷತ್ರದ ಗುರುತು. ಅದನ್ನು ಆರಿಸದೆ ಪುಟ ಮುಂದೆ ಹೋಗುವುದಿಲ್ಲ.