ಕೃಷ್ಣೆಯ ಮಹಾಪೂರವೂ ಎರಡು ನಾಡುಗಳ ಕಾವಲೂ

ಮಳೆಗಾಲದಲ್ಲಿ ಸಾಂಗಲಿಯ ಬೀದಿಗಳಲ್ಲಿ ಇಬ್ಬರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮುಂಚೆ ಕೇಳುವ ಮಾತೊಂದುಂಟು: “ಎಷ್ಟು ಫೂಟ ಆತು?” ಕೇಳಿದವನು ಕನ್ನಡಿಗನಾಗಿರಲಿ, ಮರಾಠಿಗನಾಗಿರಲಿ, ಆ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1929ರಲ್ಲಿ ಅಂದಿನ ವೈಸರಾಯ ಲಾರ್ಡ್ ಆಯರ್ವಿನ್ನರ ಹೆಸರನ್ನು ಹೊತ್ತು ನಿಂತ ಸೇತುವೆಯ ಬಳಿ ಕೃಷ್ಣೆಯ ನೀರಿನ ಮಟ್ಟವನ್ನು ಅಳೆಯುತ್ತಾರೆ. 40 ಅಡಿಗೆ ಎಚ್ಚರಿಕೆ, 45 ಅಡಿಗೆ ಅಪಾಯ. ಈ ಎರಡು ಅಂಕಿಗಳನ್ನು ನಮ್ಮ ಮನೆಗಳ ಮಕ್ಕಳು ಮಗ್ಗಿಯೊಡನೆಯೇ ಕಲಿಯುತ್ತಾರೆಂದರೆ ಉತ್ಪ್ರೇಕ್ಷೆಯಾಗದು.

ಈ ಅಂಕಿಗಳ ಹಿಂದೆ ದೊಡ್ಡದೊಂದು ಇತಿಹಾಸವಿದೆ. ನಮ್ಮ ಭಾಗದ ಇತಿಹಾಸವೆಂದರೆ ಶಿಲಾಹಾರರ ಶಾಸನಗಳ ಮಿರಿಂಜೆ, ಪಟವರ್ಧನರ ಸಂಸ್ಥಾನಗಳು, ಸಂಗೀತಗಾರರು ಎಂದು ಹೇಳಿ ಮುಗಿಸುವುದು ವಾಡಿಕೆ. ನೀರಿನ ಕಾವಲು ಕಾಯ್ದವರ ಕಥೆಯನ್ನು ಹೇಳಿದವರು ವಿರಳ. ಅಣೆಕಟ್ಟಿನ ಇಂಜಿನಿಯರರು, ತಹಶೀಲದಾರರು, ಪೊಲೀಸರು, ಅಂಬಿಗರು, ಎರಡು ರಾಜ್ಯಗಳ ಕಚೇರಿಗಳು ಇವರೆಲ್ಲರೂ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿದಾಗ ಉಳಿದ ಊರಿದು. ಮುಟ್ಟಿಸದಿದ್ದಾಗ ಮುಳುಗಿದ ಊರೂ ಇದೇ.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಮಹಾಬಳೇಶ್ವರದ ಘಟ್ಟದಲ್ಲಿ ರಭಸದಿಂದ ಇಳಿಯುವ ಕೃಷ್ಣೆಯು ಸಾಂಗಲಿಗೆ ಬರುವಷ್ಟರಲ್ಲಿ ಸಮತಟ್ಟಾದ ಕಪ್ಪುನೆಲದಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತಾಳೆ. ಊರನ್ನು ದಾಟಿದ ಕೂಡಲೆ ಹರಿಪುರದಲ್ಲಿ ವಾರಣೆ ಬಂದು ಕೂಡುತ್ತದೆ. ಇನ್ನೂ ಕೆಳಗೆ, ನರಸೋಬನ ವಾಡಿಯಲ್ಲಿ, ಕೊಲ್ಲಾಪುರದ ನೀರನ್ನೆಲ್ಲ ಹೊತ್ತು ಪಂಚಗಂಗೆ ಸೇರುತ್ತದೆ. ಮೂರೂ ಏಕಕಾಲಕ್ಕೆ ತುಂಬಿ ಬಂದರೆ ಮುಂದಿನ ನೀರು ಸರಿಯುವವರೆಗೆ ಹಿಂದಿನ ನೀರು ನಿಲ್ಲಲೇಬೇಕು. ಆ ನಿಂತ ನೀರೇ ಸಾಂಗಲಿಯ ಪೇಟೆಯನ್ನೂ ಮಿರಜದ ಕೃಷ್ಣಾಘಾಟವನ್ನೂ ನುಂಗುವುದು. ವಾಡಿಯಲ್ಲಿ ಹೊಳೆಯ ನೀರು ದತ್ತಮಂದಿರದ ಒಂದು ಬಾಗಿಲಿನಿಂದ ಹೊಕ್ಕು, ಪಾದುಕೆಗಳನ್ನು ತೊಳೆದು, ದಕ್ಷಿಣದ ಬಾಗಿಲಿನಿಂದ ಹೊರಬೀಳುವುದನ್ನು ‘ದಕ್ಷಿಣದ್ವಾರ’ವೆಂದು ಭಕ್ತರು ಕೊಂಡಾಡುತ್ತಾರೆ, ಆ ನೀರಿನಲ್ಲಿ ಮೀಯಲು ಗಡಿಯಾಚೆಯ ಚಿಕ್ಕೋಡಿ, ಅಥಣಿಗಳಿಂದಲೂ ಕನ್ನಡದ ಮನೆತನಗಳು ಬರುತ್ತವೆ. ನಮ್ಮ ಹಿರಿಯರಿಗೆ ಇದು ಪುಣ್ಯದಿನವೂ ಹೌದು, ಎಚ್ಚರಿಕೆಯ ಗಂಟೆಯೂ ಹೌದು. ದೇವರ ಪಾದ ತೊಳೆದ ನೀರು ಇನ್ನೆರಡು ದಿನ ಏರಿದರೆ ತಮ್ಮ ಹೊಸ್ತಿಲಿಗೆ ಬಂದೀತೆಂಬ ಲೆಕ್ಕ ಅವರಿಗೆ ಗೊತ್ತಿತ್ತು.

ಸಂಸ್ಥಾನಗಳ ಕಾಲದಲ್ಲಿ ಈ ಒಂದೇ ಹೊಳೆಗೆ ಅದೆಷ್ಟು ಒಡೆಯರು! ಮೇಲೆ ಬ್ರಿಟಿಷರ ಸಾತಾರಾ ಜಿಲ್ಲೆ, ಅನಂತರ ಔಂಧ, ಸಾಂಗಲಿ, ಹಿರಿಯ ಮಿರಜ, ಕಿರಿಯ ಮಿರಜ, ಕೊಲ್ಲಾಪುರ, ಎರಡು ಪಾಲಾದ ಕುರುಂದವಾಡ, ಕೆಳಗೆ ಜಮಖಂಡಿ. ಸಾಂಗಲಿ ಸಂಸ್ಥಾನಕ್ಕೇ ಕನ್ನಡ ನೆಲದಲ್ಲಿ ತೇರದಾಳ, ಶಹಾಪುರ, ಶಿರಹಟ್ಟಿಗಳಿದ್ದವು. ಭಾಷೆಯ ಗಡಿ ಅಂದು ರಾಜ್ಯದ ಗಡಿಯಾಗಿರಲಿಲ್ಲ. 1948–49ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. 1949ರಿಂದ 1956ರ ನವೆಂಬರ್ 1ರವರೆಗೆ, ಮಹಾಬಳೇಶ್ವರದಿಂದ ವಿಜಾಪುರ ಜಿಲ್ಲೆಯವರೆಗಿನ ಕೃಷ್ಣೆಗೆ ಒಂದೇ ಸರಕಾರವಿತ್ತು. ಆದರೆ ಆಗ ಅವಳ ಮೇಲೆ ಹಿಡಿದಿಡುವಂಥ ಮಹಾ ಅಣೆಕಟ್ಟು ಒಂದೂ ಸಿದ್ಧವಾಗಿರಲಿಲ್ಲ. ಅಣೆಕಟ್ಟುಗಳು ಎದ್ದು ನಿಲ್ಲುವ ಹೊತ್ತಿಗೆ ಒಡೆತನವು ಎರಡಾಗಿತ್ತು. ಬೀಗ ಮಾಡಿಸಿದ ಮೇಲೆ ಮನೆ ಪಾಲಾದಂತಾಯಿತು.

ಅರುವತ್ತರ ದಶಕದಲ್ಲಿ ಕೊಯ್ನೆ ತುಂಬಿತು. ಅದರ ಗರ್ಭ 105 ಟಿ.ಎಂ.ಸಿ.ಗಿಂತ ತುಸು ಹೆಚ್ಚು. ಅನಂತರ ಚಾಂದೋಳಿಯಲ್ಲಿ ವಾರಣೆಯ ಕಟ್ಟೆ ಬಂದಿತು. ಕೊಲ್ಲಾಪುರದ ಶಾಹೂ ಮಹಾರಾಜರು ಆರಂಭಿಸಿದ ರಾಧಾನಗರಿಯ ಕಟ್ಟೆಯಂತೂ ಬೇರೆಯೇ ಜಾತಿಯದು: ನೀರು ತುಂಬಿದರೆ ಅದರ ಬಾಗಿಲುಗಳು ಮನುಷ್ಯನ ಕೈ ತಾಕದೆ ತಾವಾಗಿಯೇ ತೆರೆಯುತ್ತವೆ. ಉಳಿದ ಕಟ್ಟೆಗಳ ಬಾಗಿಲುಗಳನ್ನು ಮನುಷ್ಯನೇ ತೆರೆಯಬೇಕು, ಮನುಷ್ಯನೇ ನಿರ್ಧರಿಸಬೇಕು. ಇಲ್ಲಿಯೇ ಧರ್ಮಸಂಕಟ. ಮಳೆಗಾಲ ಮುಗಿಯುವಾಗ ಕಟ್ಟೆ ತುಂಬಿರಬೇಕೆಂದು ರೈತನು ಬಯಸುತ್ತಾನೆ, ವಿದ್ಯುತ್ತಿನವರೂ ಬಯಸುತ್ತಾರೆ; ಆಗಸ್ಟ್ ತಿಂಗಳಲ್ಲಿ ಅದರಲ್ಲಿ ಒಂದಿಷ್ಟು ಬರಿದಾದ ಜಾಗ ಉಳಿದಿರಬೇಕೆಂದು ಹೊಳೆದಂಡೆಯ ಊರು ಬಯಸುತ್ತದೆ. ಕೊಯ್ನೆಯ ನೀರಿನಲ್ಲಿ ಒಂದು ಪಾಲು ಪಶ್ಚಿಮಕ್ಕೆ ತಿರುಗಿ, ವಿದ್ಯುತ್ತನ್ನು ಕೊಟ್ಟು, ಕೊಂಕಣದತ್ತ ಇಳಿದುಹೋಗುತ್ತದೆ. ನ್ಯಾಯಮಂಡಳಿಯು ಅದಕ್ಕೆ ಗೊತ್ತುಪಡಿಸಿದ್ದು ವರ್ಷಕ್ಕೆ 67.5 ಟಿ.ಎಂ.ಸಿ. ಮಹಾಪೂರದ ದಿನಗಳಲ್ಲಿ ಆ ದಾರಿಯಿಂದ ಹೋಗುವ ನೀರು ಸಮುದ್ರಕ್ಕೆ ಚಮಚೆ ಹಾಕಿದಂತೆ. ಉಳಿದುದೆಲ್ಲ ಪೂರ್ವಕ್ಕೆ, ನಮ್ಮ ಕಡೆಗೇ ಬರಬೇಕು.

ಇತ್ತ ಕರ್ನಾಟಕದಲ್ಲಿ ಆಲಮಟ್ಟಿ ಎದ್ದಿತು. 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿಗೆ ಕೊಟ್ಟಿತು. ಐದು ವರ್ಷಗಳಲ್ಲಿ, 2005ರ ಜುಲೈ ಕೊನೆಯ ಮಳೆಗೆ, ಆಯರ್ವಿನ್ ಸೇತುವೆಯ ಬಳಿ ನೀರು 53 ಅಡಿಯನ್ನು ದಾಟಿತು. ಹರಿಪುರದ ಅರಿಸಿನದ ಹಗೇವುಗಳನ್ನು ಕಂಡವರಿಗೆ ಆ ನಷ್ಟದ ಅರಿವಾದೀತು. ನೆಲದೊಳಗೆ ತೋಡಿದ ಆ ಕಣಜಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಅರಿಸಿನಕ್ಕೆ ನೀರು ಹೊಕ್ಕಿತು. ಅನೇಕ ಹಗೇವುಗಳು ಮತ್ತೆ ಬಳಕೆಗೆ ಬರಲಿಲ್ಲ. ಜನರು ಬೊಟ್ಟು ಮಾಡಿದ್ದು ಆಲಮಟ್ಟಿಯ ಕಡೆಗೆ. ಅಂದು ಮರಾಠಿ ನೆರೆಯವರ ನಡುವೆ ಬಾಳುವ ಕನ್ನಡಿಗರಾದ ನಮಗೆ ಆ ಬೆರಳು ತಮ್ಮತ್ತಲೂ ಚಾಚಿದೆಯೇನೋ ಎಂಬಂಥ ಮುಜುಗರವಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿಯೂ ನೀರು ನಿಂತಿತ್ತು. ಕೆಳಗಿನ ಉಗಾರ, ಕುಡಚಿಗಳಲ್ಲಿದ್ದ ನಮ್ಮ ಬೀಗರೂ ಹೊಳೆಯ ಭಯದಲ್ಲಿಯೇ ಇದ್ದರು.

ಅದೇ 2005ರ ಡಿಸೆಂಬರಿನಲ್ಲಿ ದೇಶಕ್ಕೆ ವಿಪತ್ತು ನಿರ್ವಹಣೆಯ ಶಾಸನವು ದೊರೆಯಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪೊಲೀಸು, ಆರೋಗ್ಯ, ಜಿಲ್ಲಾ ಪರಿಷತ್ತು ಮೊದಲಾದವುಗಳೆಲ್ಲ ಒಂದೇ ಮೇಜಿನ ಸುತ್ತ ಕೂಡಬೇಕೆಂದು ಅದು ವಿಧಿಸಿತು. ಕಾಗದದಲ್ಲಿ ಇದು ಸೊಗಸಾದ ಏರ್ಪಾಡು. ಆದರೆ ಮೇಜು ಜಿಲ್ಲೆಗೊಂದು. ಹೊಳೆಯು ಹಲವು ಜಿಲ್ಲೆಗಳನ್ನೂ ಎರಡು ರಾಜ್ಯಗಳನ್ನೂ ದಾಟುತ್ತದೆ.

2019ರ ಆಗಸ್ಟ್ ತಿಂಗಳನ್ನು ನಾವು ಬದುಕಿರುವವರೆಗೆ ಮರೆಯಲಾರೆವು. ಘಟ್ಟದ ಮೇಲೆ ಎಡೆಬಿಡದೆ ಮಳೆ. ಕಟ್ಟೆಗಳ ಬಾಗಿಲುಗಳೆಲ್ಲ ತೆರೆದವು. ಕಟ್ಟೆಗಳ ಕೆಳಗೆ ಬಿದ್ದ ಮಳೆಯಂತೂ ಯಾರ ಬಾಗಿಲಿಗೂ ಕಾಯದೆ ನೇರವಾಗಿ ಹೊಳೆಗೆ ಬಂದಿತು. ಸೇತುವೆಯ ಬಳಿ ನೀರು 57 ಅಡಿಯನ್ನು ಮೀರಿತು. ಕೊಲ್ಲಾಪುರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯು ದಿನಗಟ್ಟಲೆ ಮುಚ್ಚಿತು. ರಾಷ್ಟ್ರೀಯ ವಿಪತ್ತು ಸ್ಪಂದನ ದಳದವರು, ಸೇನೆ, ನೌಕಾದಳದವರು ದೋಣಿಗಳೊಡನೆ ಬಂದರು. ಸಮುದ್ರದ ನಾವಿಕರು ನಮ್ಮ ಓಣಿಗಳಲ್ಲಿ ದೋಣಿ ನಡೆಸುತ್ತಾರೆಂದು ಯಾರು ತಾನೆ ಎಣಿಸಿದ್ದರು? ಮೊಸಳೆಗಳು ಹೊಳೆಯನ್ನು ಬಿಟ್ಟು ಜನವಸತಿಯತ್ತ ಬಂದವು. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿ ಮನೆಯ ಮಾಳಿಗೆಯ ಮೇಲೆ ಒಂದು ಮೊಸಳೆ ಮಲಗಿದ್ದ ಚಿತ್ರವನ್ನು ದೇಶವೆಲ್ಲ ನೋಡಿತು. ಹೀಗೆ ಅರಣ್ಯ ಇಲಾಖೆಯೂ ಮಹಾಪೂರದ ಕೆಲಸಕ್ಕೆ ಇಳಿಯಬೇಕಾಯಿತು.

ಆಗಸ್ಟ್ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ನಡೆದುದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಯೇರಳಾ ಹೊಳೆಯು ಕೃಷ್ಣೆಯನ್ನು ಸೇರುವ ಎಡೆಯ ಹಳ್ಳಿಯದು. ನೀರು ಸುತ್ತುವರಿದಿತ್ತು. ಹೊರಬಹುದಾದುದಕ್ಕಿಂತ ಹೆಚ್ಚು ಜನರು ಒಂದೇ ದೋಣಿಯಲ್ಲಿ ಏರಿದರು, ದೋಣಿ ಮಗುಚಿತು. ಹೆಂಗಸರು ಮಕ್ಕಳು ಸೇರಿ ಹತ್ತಕ್ಕಿಂತ ಹೆಚ್ಚು ಜೀವಗಳು ಹೋದವು. ದೋಣಿಗೆ ಎಷ್ಟು ಜನ ಎಂದು ದಡದಲ್ಲಿ ನಿಂತು ಎಣಿಸುವ ಅಧಿಕಾರ ಯಾರದು, ಎರಡನೆಯ ದೋಣಿ ಎಷ್ಟು ಹೊತ್ತಿಗೆ ಬರುತ್ತದೆಂದು ಆ ಹೆಂಗಸರಿಗೆ ಹೇಳುವವರು ಯಾರು ಎಂಬ ಪ್ರಶ್ನೆಗಳು ಮಾತ್ರ ದಡದಲ್ಲಿ ಉಳಿದವು. ಎರಡನೆಯ ದೋಣಿ ಬಂದೇ ಬರುತ್ತದೆಂದು ನಂಬಿದವನು ಮೊದಲನೆಯದಕ್ಕೆ ನುಗ್ಗುವುದಿಲ್ಲ. ಜನರ ಕ್ಷೇಮವೆಂಬುದು ಬಹುಮಟ್ಟಿಗೆ ಇಂಥ ನಂಬಿಕೆಯೇ ಎಂದು ನಮಗೆ ತೋರುತ್ತದೆ.

ಅದೇ ದಿನಗಳಲ್ಲಿ ಮುಂಬಯಿಯಿಂದ ಬೆಂಗಳೂರಿಗೆ ಬೇಡಿಕೆ ಹೋಯಿತು: ಆಲಮಟ್ಟಿಯಿಂದ ಕ್ಷಣಕ್ಕೆ ಐದು ಲಕ್ಷ ಘನ ಅಡಿ ನೀರನ್ನು ಬಿಡಬೇಕು. ಕರ್ನಾಟಕವು ಒಪ್ಪಿತು. ಇದನ್ನು ಹೇಳುವಾಗ ಇನ್ನೊಂದು ಮಗ್ಗುಲನ್ನು ಮರೆಯಬಾರದು. ಆ ಒಪ್ಪಿಗೆಯ ಭಾರವನ್ನು ಹೊತ್ತವರು ಯಾದಗಿರಿ, ರಾಯಚೂರು ಜಿಲ್ಲೆಗಳ ಹೊಳೆದಂಡೆಯ ಜನ. ಸಾಂಗಲಿಯ ಹೊಸ್ತಿಲಿನಿಂದ ಒಂದು ಅಡಿ ನೀರು ಇಳಿಯಬೇಕಾದರೆ ಎಲ್ಲೋ ಕೆಳಗೆ, ನಮ್ಮ ಹೆಸರನ್ನೂ ಕೇಳಿರದ ರೈತನ ಹೊಲಕ್ಕೆ ಅದು ಏರಬೇಕು.

ಆ ಬಳಿಕ ಮಹಾರಾಷ್ಟ್ರ ಸರಕಾರವು ನಂದಕುಮಾರ ವಡನೇರೆಯವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. 2020ರಲ್ಲಿ ಅದರ ವರದಿ ಬಂದಿತು. ಮಹಾಪೂರಕ್ಕೆ ಆಲಮಟ್ಟಿಯು ಕಾರಣವಲ್ಲ. ಅತಿವೃಷ್ಟಿ, ಹೊಳೆಯ ಪಾತ್ರದ ಅತಿಕ್ರಮಣ ಮುಂತಾದುವು ಕಾರಣವೆಂದು ಅದು ಹೇಳಿತು. ಇಲ್ಲಿನ ಅನೇಕರು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸುವ ಕರ್ನಾಟಕದ ಯೋಜನೆಯನ್ನು ಕುರಿತ ವಾದವು 2025ರಲ್ಲಿಯೂ ಕಾವೇರಿತು. ಅವರ ಭಯವನ್ನು ಹಗುರವಾಗಿ ಕಾಣುವುದು ತರವಲ್ಲ. ಎರಡು ಸಲ ಮನೆ ಮುಳುಗಿದವನಿಗೆ ಮೀಟರಿನ ಲೆಕ್ಕವು ಬೇಗ ಸಮಾಧಾನ ಕೊಡದು. ಆದರೆ ಹೊಳೆಯ ಹಾಸುಗೆಯಲ್ಲಿಯೇ ಎದ್ದ ಕಟ್ಟಡಗಳ ವಿಷಯವನ್ನು ಆಲಮಟ್ಟಿಯ ಗದ್ದಲದಲ್ಲಿ ಮರೆಯುವುದು ಅನುಕೂಲವಾಗಿದೆಯೆಂದೂ ಹೇಳದೆ ವಿಧಿಯಿಲ್ಲ. ಹಳಬರು ಹೊಳೆಗೆ ಬಿಟ್ಟ ಜಾಗದಲ್ಲಿ ಹೊಸಬರು ಪಾಯ ತೋಡಿದ್ದಾರೆ; ಅವರಲ್ಲಿ ನಮ್ಮವರೂ ಇದ್ದಾರೆ.

ಜಗಳದ ನಡುವೆಯೇ ಕೆಲಸವೂ ನಡೆಯಿತು. 2021ರ ಜೂನ್ ತಿಂಗಳಲ್ಲಿ, ಮಳೆ ಬಲಿಯುವ ಮುನ್ನ, ನಮ್ಮ ಜಿಲ್ಲೆಯವರೇ ಆದ ಅಂದಿನ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಕಂಡರು. ಯಾವ ಕಟ್ಟೆಯಲ್ಲಿ ಎಷ್ಟು ನೀರು, ಎಷ್ಟು ಬರುತ್ತಿದೆ, ಎಷ್ಟು ಬಿಡಲಾಗುತ್ತಿದೆ ಎಂಬುದನ್ನು ಎರಡೂ ಕಡೆಯ ಇಂಜಿನಿಯರರು ಆಯಾ ಹೊತ್ತಿಗೆ ಪರಸ್ಪರ ತಿಳಿಸಿಕೊಳ್ಳಬೇಕೆಂದು ಮಾತಾಯಿತು. ಒಂದು ತಿಂಗಳಾಗುವಷ್ಟರಲ್ಲಿ ಪರೀಕ್ಷೆಯೂ ಬಂದಿತು. ಜುಲೈ 22–23ರ ಒಂದೇ ಅಹೋರಾತ್ರಿಯಲ್ಲಿ ಮಹಾಬಳೇಶ್ವರದಲ್ಲಿ 594 ಮಿಲಿಮೀಟರ್ ಮಳೆ ಸುರಿಯಿತು. ಸೇತುವೆಯ ಬಳಿ ನೀರು ಮತ್ತೆ 54 ಅಡಿಯನ್ನು ದಾಟಿತು. ಊರು ಮುಳುಗಿತು, ನಿಜ. ಸುದ್ದಿಯ ವಿನಿಮಯದಿಂದ ಮಳೆ ನಿಲ್ಲುವುದಿಲ್ಲ. ಆದರೆ ಈ ಸಲ ತಗ್ಗಿನ ಓಣಿಗಳ ಅನೇಕರು ನೀರಿಗಿಂತ ಮುಂಚೆ ಮನೆ ಬಿಟ್ಟಿದ್ದರು. ದನಗಳನ್ನೂ ಹೊಡೆದುಕೊಂಡು ಹೋಗಿದ್ದರು. ಬ್ರಹ್ಮನಾಳದಂಥ ದೋಣಿಯ ದುರಂತ ಆ ವರ್ಷ ನಡೆಯಲಿಲ್ಲ. ಅಡಿಗಳ ಲೆಕ್ಕಕ್ಕಿಂತ ಈ ಲೆಕ್ಕವು ನಮಗೆ ಹೆಚ್ಚಿನದು.

ಇಲಾಖೆಗಳು ಒಂದಾಗಲಾರವೆಂದು ನಿರಾಶರಾಗುವವರು 2016ರ ಬೇಸಗೆಯನ್ನು ನೆನೆಯಬೇಕು. ಬರದಿಂದ ಬಾಯಾರಿದ ಲಾತೂರಿಗೆ ಏಪ್ರಿಲ್ 11ರಂದು ಮಿರಜ ನಿಲ್ದಾಣದಿಂದ ನೀರಿನ ರೈಲು ಹೊರಟಿತು. ರಾಜಸ್ಥಾನದ ಕೋಟಾದಲ್ಲಿ ತೊಳೆದು ಶುದ್ಧಗೊಳಿಸಿದ ಹತ್ತು ಟ್ಯಾಂಕುಗಳು, ಅವುಗಳಲ್ಲಿ ಸುಮಾರು ಐದು ಲಕ್ಷ ಲೀಟರ್ ಕೃಷ್ಣೆಯ ನೀರು. ರೈಲ್ವೆ, ನಗರದ ನೀರು ಪೂರೈಕೆಯವರು, ಎರಡು ಜಿಲ್ಲೆಗಳ ಆಡಳಿತ ಇವರೆಲ್ಲ ಕೆಲವೇ ದಿನಗಳಲ್ಲಿ ಕೈಗೂಡಿಸಿದ ಕೆಲಸವದು. ನಮ್ಮ ಜಿಲ್ಲೆಯ ಪೂರ್ವಕ್ಕಿರುವ ಜತ್ತಿನ ಕನ್ನಡ ಹಳ್ಳಿಗಳು ಆ ರೈಲಿನ ಸುದ್ದಿಯನ್ನು ಕೇಳಿ ಏನೆಂದುಕೊಂಡವೋ! ಪಶ್ಚಿಮದಲ್ಲಿ ಮುಳುಗುವ ಜಿಲ್ಲೆಯೇ ಪೂರ್ವದಲ್ಲಿ ಒಣಗುತ್ತದೆ. ಬೇಸಗೆಯಲ್ಲಿ ಬೆಳಗಾವಿ, ವಿಜಾಪುರಗಳಿಗಾಗಿ ಕೊಯ್ನೆಯ ನೀರನ್ನು ಕರ್ನಾಟಕವು ಕೇಳುತ್ತದೆ. ಬದಲಿಗೆ ಜತ್ತಿಗೆ ನೀರು ಕೊಡಿರೆಂದು ಮಹಾರಾಷ್ಟ್ರವು ಕೇಳುತ್ತದೆ. ಅದೂ ಇದೇ ಲೆಕ್ಕದ ಇನ್ನೊಂದು ಪುಟ, ಅದನ್ನು ಬೇರೊಮ್ಮೆ ಬರೆಯಬೇಕು.

ಗಡಿಯ ಕನ್ನಡಿಗರಾದ ನಾವು ಈ ಕಾವಲಿನಲ್ಲಿ ಬರಿಯ ನೋಡುಗರಲ್ಲ. ಕೆಳಗಿನ ಊರುಗಳಲ್ಲಿ ಕನ್ನಡದಲ್ಲಿ ಸಾರುವ ಸುದ್ದಿಯೂ ಮೇಲಿನ ಊರುಗಳಲ್ಲಿ ಮರಾಠಿಯಲ್ಲಿ ಸಾರುವ ಸುದ್ದಿಯೂ ಒಂದೇ ಹೊಳೆಯದು; ಎರಡನ್ನೂ ಓದಬಲ್ಲವರು ನಾವು. ಮಿರಜ ತಾಲೂಕಿನ ಕನ್ನಡ ಮಾತಾಡುವ ಹಳ್ಳಿಗಳಲ್ಲಿ ಡಂಗುರವೋ ಧ್ವನಿವರ್ಧಕವೋ ಮರಾಠಿಯಲ್ಲಿ ಕೂಗಿದರೆ ಗಂಡಸರಿಗೆ ತಿಳಿಯುತ್ತದೆ. ಹೊರಗೆ ಹೋಗದ ಮುದುಕಿಗೆ ಅರ್ಧ ತಿಳಿದು ಅರ್ಧ ಉಳಿಯುತ್ತದೆ. ಆ ಉಳಿದ ಅರ್ಧವನ್ನು ಅದೇ ಧ್ವನಿವರ್ಧಕದಲ್ಲಿ ಕನ್ನಡದಲ್ಲಿಯೂ ಕೂಗಬೇಕೆಂದು ಕೇಳುವುದು ಭಾಷೆಯ ಹಟವಲ್ಲ. ಸದ್ಯಕ್ಕಂತೂ ಆ ಕೆಲಸವನ್ನು ಮನೆಮನೆಯ ದೂರವಾಣಿಗಳು ಮಾಡುತ್ತಿವೆ. ಆಗಸ್ಟಿನ ರಾತ್ರಿಗಳಲ್ಲಿ ಸಾಂಗಲಿಯ ಅಕ್ಕ ಉಗಾರದ ತಂಗಿಗೆ ಅಡಿಗಳನ್ನು ಹೇಳುತ್ತಾಳೆ. ತಂಗಿ ತನ್ನೂರ ಸೇತುವೆ ಮುಳುಗಿತೋ ಇಲ್ಲವೋ ಎಂಬುದನ್ನು ತಿಳಿಸುತ್ತಾಳೆ. ಆಮೇಲೆ ಇಬ್ಬರೂ ಕಾಳಿನ ಡಬ್ಬಿಗಳನ್ನು ಅಟ್ಟಕ್ಕೆ ಏರಿಸುತ್ತಾರೆ.